ಉಳಿ ನಮ್ಮದು, ಮರ ಯಾರದು? – ಸೊರಬದ ಗುಡಿಗಾರರು ಮತ್ತು ಬಡತನದ ಪ್ರಶ್ನೆ

ಸ್ವಂತ ಉದ್ಯೋಗವನ್ನು ಕುರಿತ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕಾಗಿ ಕೆಲವು ವರ್ಷಗಳ ಹಿಂದೆ ನಮ್ಮ ತಂಡ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ನಾಲ್ಕು ದಿನ ಓಡಾಡಿತು. ಸೊರಬದಲ್ಲಿ ಒಬ್ಬ ಹಿರಿಯ ಗುಡಿಗಾರರ ಮನೆಯ ಜಗಲಿಯ ಮೇಲೆ ಕ್ಯಾಮೆರಾ ಇಟ್ಟೆವು. ಅಂಗೈ ಅಗಲದ ಗಂಧದ ತುಂಡು; ಅದರ ಮೇಲೆ ಒಂದಕ್ಕೊಂದು ಹೆಣೆದುಕೊಂಡ ಬಳ್ಳಿಗಳು; ಬಳ್ಳಿಯ ಸಂದಿನಲ್ಲಿ ಕಾಳಿನಷ್ಟು ಚಿಕ್ಕ ಹಕ್ಕಿ. ಅವರ ಬೆರಳುಗಳನ್ನೂ ಉಳಿಯ ತುದಿಯನ್ನೂ ನಾವು ಹತ್ತಿರದಿಂದ ಚಿತ್ರೀಕರಿಸಿದ್ದೇ ಚಿತ್ರೀಕರಿಸಿದ್ದು. ಒಂದು ಗಂಟೆಯಾದ ಮೇಲೆ ಅವರು ಉಳಿ ಕೆಳಗಿಟ್ಟು ಕೇಳಿದರು: "ಉಳಿ ತೋರಿಸ್ತೀರಿ, ಕೈ ತೋರಿಸ್ತೀರಿ. ಈ ಮರ ಎಲ್ಲಿಂದ ಬಂತು, ಹೇಗೆ ಬಂತು ಅಂತ ಯಾರೂ ಕೇಳೋದೇ ಇಲ್ವಲ್ಲ ಸಾರ್?"

ನಾವು ಬರೆದುಕೊಂಡು ಹೋಗಿದ್ದ ಪ್ರಶ್ನೆಗಳಲ್ಲಿ ಅದು ನಿಜಕ್ಕೂ ಇರಲಿಲ್ಲ. "ಈ ಕಲೆ ನಿಮಗೆ ಹೇಗೆ ಬಂತು?" "ಯುವಕರಿಗೆ ನಿಮ್ಮ ಸಂದೇಶವೇನು?" ಎಂಬಂತಹ ಪ್ರಶ್ನೆಗಳಿದ್ದವು. ಅವರು ಕೇಳಿದ ಪ್ರಶ್ನೆಯ ಹಿಂದೆ ಒಂದು ದೊಡ್ಡ ಚರಿತ್ರೆಯಿದೆ ಎಂಬುದು ನನಗೆ ಹೊಳೆದದ್ದು ಬೆಂಗಳೂರಿಗೆ ಹಿಂತಿರುಗಿ ಸಂಕಲನಕ್ಕೆ ಕುಳಿತಾಗ.

ಬಡ ದೇಶಗಳಲ್ಲಿ ಬಡತನ ಹೋಗಬೇಕಾದರೆ ಜನ ಉದ್ಯಮಶೀಲರಾಗಬೇಕು ಎಂಬ ಮಾತನ್ನು ವಿದ್ಯಾರ್ಥಿಗಳು ತಮ್ಮ ಪಠ್ಯಪುಸ್ತಕಗಳಲ್ಲಿ ಓದಿಯೇ ಇರುತ್ತಾರೆ. ಕಚ್ಚಾ ಸಾಮಗ್ರಿ, ದುಡಿಮೆ, ಬಂಡವಾಳ ಮತ್ತು ಮಾರುಕಟ್ಟೆಯನ್ನು ಒಂದೆಡೆ ತಂದು, ನಷ್ಟದ ಭಯವನ್ನು ತಾನೇ ಹೊತ್ತು ಹೊಸದೊಂದನ್ನು ಮಾಡುವವನು ಉದ್ಯಮಿ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಇದನ್ನು ಕೇಳಿದವರು ಸಾಮಾನ್ಯವಾಗಿ ಮತ್ತೊಂದು ತೀರ್ಮಾನಕ್ಕೂ ಬಂದುಬಿಡುತ್ತಾರೆ: ಬಡವನಲ್ಲಿ ಉದ್ಯಮದ ಬುದ್ಧಿ ಇಲ್ಲ, ಕೌಶಲವಿಲ್ಲ, ಆದ್ದರಿಂದಲೇ ಅವನು ಬಡವ. ಶಿಕಾರಿಪುರ–ಸೊರಬದ ಚರಿತ್ರೆ ಈ ಎರಡನೆಯ ತೀರ್ಮಾನವನ್ನು ಒಪ್ಪುವುದಿಲ್ಲ.

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ ಶಿರಾಳಕೊಪ್ಪದ ಪಕ್ಕದಲ್ಲೇ ಬಳ್ಳಿಗಾವಿ ಇದೆ. ಇಂದು ಅದೊಂದು ಸಣ್ಣ ಊರು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅದು ಬನವಾಸಿ ಹನ್ನೆರಡು ಸಾವಿರ ಪ್ರಾಂತದ ರಾಜಧಾನಿ; ಮಠಗಳ, ಬಸದಿಗಳ, ಬೌದ್ಧ ವಿಹಾರದ ಮತ್ತು ಅಂಗಡಿ ಬೀದಿಗಳ ಪಟ್ಟಣ. ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಈ ತಾಲ್ಲೂಕಿನ ಶಾಸನಗಳಿವೆ. ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘದವರನ್ನು ಹೊಗಳುವ ಶಾಸನವೂ ಅವುಗಳಲ್ಲಿ ಸೇರಿದೆ. ಈ ವರ್ತಕರು ಆನೆ ಕುದುರೆ, ಮುತ್ತು ರತ್ನ, ಏಲಕ್ಕಿ ಲವಂಗ, ಗಂಧ ಕರ್ಪೂರಗಳನ್ನು ಹೇರಿಕೊಂಡು ನಾಡುನಾಡು ಸುತ್ತುತ್ತಿದ್ದರು. ದಾರಿಯ ಅಪಾಯವನ್ನು ಒಬ್ಬನೇ ಹೊರುವುದು ಕಷ್ಟವೆಂದು ಗುಂಪು ಕಟ್ಟಿಕೊಂಡರು. ಕಾವಲಿಗೆ ತಮ್ಮದೇ ಪಡೆ ಇಟ್ಟುಕೊಂಡರು. ತಮ್ಮ ಸರಕಿನ ಮೇಲೆ ತಾವೇ ತೆರಿಗೆ ಹಾಕಿಕೊಂಡು ದೇವಾಲಯಗಳಿಗೆ ದತ್ತಿ ಬಿಟ್ಟರು. ನಷ್ಟವನ್ನು ಹಂಚಿಕೊಳ್ಳುವ ವಿದ್ಯೆ ನಮಗೆ ಹೊರಗಿನಿಂದ ಬಂದದ್ದೇನಲ್ಲ.

ಅದೇ ಬಳ್ಳಿಗಾವಿಯ ಕೋಡಿಯಮಠಕ್ಕೆ ಸೇರಿದ 1162ರ ಶಾಸನ ಇನ್ನೊಂದು ಚಿತ್ರ ಕೊಡುತ್ತದೆ. ಆ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು. ಅದರ ಜೊತೆಗೇ ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿತ್ತು. ಅಂದರೆ ಅಷ್ಟು ಸಿರಿವಂತ ವರ್ತಕರಿದ್ದ ಊರಿನಲ್ಲೂ ಮಠದ ಬಾಗಿಲಲ್ಲಿ ಹಸಿದವರ ಸಾಲು ಇತ್ತು. ಅದೇ ಶತಮಾನದಲ್ಲಿ, ಇದೇ ತಾಲ್ಲೂಕಿನ ಬಳ್ಳಿಗಾವಿಯ ಅಲ್ಲಮಪ್ರಭು ಮತ್ತು ಉಡುತಡಿಯ ಅಕ್ಕಮಹಾದೇವಿ ಸೇರಿದ ಶರಣರ ಬಳಗ ಕಾಯಕವನ್ನೂ ದಾಸೋಹವನ್ನೂ ಒಟ್ಟಿಗೆ ಹೇಳಿತು. ದುಡಿಯದೆ ಉಣ್ಣಬಾರದು ಎಂಬುದರ ಜೊತೆಗೆ ದುಡಿದದ್ದನ್ನೆಲ್ಲ ತಾನೇ ಇಟ್ಟುಕೊಳ್ಳಬಾರದು ಎಂಬುದೂ ಅಲ್ಲಿತ್ತು.

ಬಳ್ಳಿಗಾವಿಯ ಕುಶಲಕರ್ಮಿಗಳ ಕಥೆ ಏನು? ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹೋದವರು ಮದನಿಕೆಯರ ಕೆಳಗೆ ಕೆತ್ತಿರುವ ಶಿಲ್ಪಿಗಳ ಹೆಸರುಗಳನ್ನು ಗಮನಿಸಿರಬಹುದು. ಅವರಲ್ಲಿ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವಿಯವರು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಆ ಗುಡಿಗೆ ಶಿಕಾರಿಪುರ ಸೀಮೆಯ ಕೈಗಳು ನಡೆದು ಹೋಗಿದ್ದವು. ವರ್ತಕ ತನ್ನ ಸರಕಿನೊಡನೆ ಹೋಗಿ ಲಾಭದೊಡನೆ ಹಿಂತಿರುಗುತ್ತಾನೆ. ಶಿಲ್ಪಿ ಕಲ್ಲು ಎಲ್ಲಿದೆಯೋ, ಕಲ್ಲಿಗೆ ಹಣ ಕೊಡುವ ದೊರೆ ಎಲ್ಲಿದ್ದಾನೋ ಅಲ್ಲಿಗೆ ಹೋಗಬೇಕು. ಉದ್ಯಮಿ ಮತ್ತು ಕುಶಲಕರ್ಮಿಯ ನಡುವಿನ ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡು ಸೊರಬದ ಕಡೆಗೆ ಹೊರಡೋಣ.

ದಂಡಾವತಿ ನದಿಯ ದಂಡೆಯ ಸೊರಬದಲ್ಲೂ ಪಕ್ಕದ ಸಾಗರ, ಸಿರಸಿಗಳಲ್ಲೂ ಗುಡಿಗಾರರು ತಲೆಮಾರುಗಳಿಂದ ನೆಲೆಸಿದ್ದಾರೆ. ಗೋವೆಯಲ್ಲಿ ಪೋರ್ಚುಗೀಸರ ಕಾಟ ತಾಳಲಾರದೆ ತಮ್ಮ ಹಿರಿಯರು ಘಟ್ಟ ಹತ್ತಿ ಬಂದರು ಎಂದು ಅವರಲ್ಲಿ ಹೇಳಿಕೊಳ್ಳುತ್ತಾರೆ. ಅವರ ಕೈಯಲ್ಲಿ ಎರಡು ಬಗೆಯ ಕೆಲಸವಿತ್ತು. ಒಂದು, ಗಂಧದ ಮರದ ಮತ್ತು ಹಿಂದೆ ದಂತದ ಕೆತ್ತನೆ. ಇನ್ನೊಂದು ಬೆಂಡಿನ ಕೆಲಸ: ಕೆರೆಯಂಚಿನ ನೀರಿನಲ್ಲಿ ಬೆಳೆಯುವ ಗಿಡದ ಒಳಗಿನ ಬಿಳಿಯ, ಹಗುರವಾದ ಬೆಂಡನ್ನು ಹಾಳೆಯಂತೆ ಸೀಳಿ, ಹೂವಾಗಿ ಮಡಿಸಿ ಮದುವೆಯ ಬಾಸಿಂಗ ಕಟ್ಟುವುದು. ಬೆಂಡು ಪುಕ್ಕಟೆ; ಕೆರೆಗಿಳಿದು ತಂದರಾಯಿತು. ಆದರೆ ಬಾಸಿಂಗ ಮಾರಾಟವಾಗುವುದು ಮದುವೆಯ ತಿಂಗಳುಗಳಲ್ಲಿ ಮಾತ್ರ, ಅದೂ ಊರ ಸುತ್ತಮುತ್ತ. ಗಂಧದ ಕೆತ್ತನೆಗೆ ಲಂಡನ್ನಿನವರೆಗೂ ಗಿರಾಕಿಗಳಿದ್ದರು. ಆದರೆ ಮರ ಕೈಗೆಟುಕುತ್ತಿರಲಿಲ್ಲ. ಒಂದೇ ಮನೆಯ ಜಗಲಿಯಲ್ಲಿ, ಒಂದೇ ಜೊತೆ ಕೈಗಳಲ್ಲಿ ಅರ್ಥಶಾಸ್ತ್ರದ ಎರಡು ಪಾಠಗಳು!

ಶಾಸನಗಳನ್ನು ಸಂಗ್ರಹಿಸಿದ ಅದೇ ರೈಸ್ ಅವರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಸೊರಬ, ಸಾಗರಗಳ ಗಂಧದ ಪೆಟ್ಟಿಗೆಗಳನ್ನು ಬೆರಗಿನಿಂದ ವರ್ಣಿಸಿದ್ದಾರೆ. 19ನೆಯ ಶತಮಾನದಲ್ಲಿ ಅರಮನೆಯವರೂ ಬ್ರಿಟಿಷ್ ಅಧಿಕಾರಿಗಳೂ ಈ ಪೆಟ್ಟಿಗೆ, ಬೀಸಣಿಗೆಗಳನ್ನು ಕೊಳ್ಳುತ್ತಿದ್ದರು. ಪ್ರದರ್ಶನಗಳಿಗೂ ಇವು ಹೋಗುತ್ತಿದ್ದವು. ಈಗ ಕೆತ್ತುವವನ ಕಡೆಯಿಂದ ಲೆಕ್ಕ ಹಾಕೋಣ. ಒಂದು ದೊಡ್ಡ ಪೆಟ್ಟಿಗೆಗೆ ತಿಂಗಳುಗಟ್ಟಲೆ ಕೆಲಸ. ಮರಕ್ಕೆ ಮೊದಲ ದಿನವೇ ಹಣ ಕೊಡಬೇಕು. ಪೆಟ್ಟಿಗೆಗೆ ಹಣ ಬರುವುದು ಕೊನೆಯ ದಿನ, ಕೆಲವು ಸಲ ಅದಾದ ಎಷ್ಟೋ ದಿನಗಳ ಮೇಲೆ. ನಡುವಿನ ತಿಂಗಳುಗಳಲ್ಲಿ ಮನೆಯಲ್ಲಿ ಒಲೆ ಉರಿಯಬೇಕಲ್ಲ? ಆ ಅಕ್ಕಿಗಾಗಿ ಮುಂಗಡ ತೆಗೆದುಕೊಂಡವನು ಪೆಟ್ಟಿಗೆಯ ಬೆಲೆಯನ್ನು ತಾನು ಹೇಳುವ ಹಕ್ಕನ್ನು ಮೊದಲೇ ಕಳೆದುಕೊಂಡಿರುತ್ತಾನೆ. ವಾಣಿಜ್ಯ ವಿದ್ಯಾರ್ಥಿಗಳು 'ದುಡಿಯುವ ಬಂಡವಾಳ' ಎಂದು ಪರೀಕ್ಷೆಗೆ ಓದುವುದು ಇದನ್ನೇ.

ಇನ್ನು ಮರದ ಕಥೆ. ನಾನು ವಿಜ್ಞಾನದ ಪದವೀಧರನಾದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಓದುಗರು ಕ್ಷಮಿಸಬೇಕು. ಗಂಧದ ಮರ ಅರೆ ಪರಾವಲಂಬಿ. ಎಲೆಯಲ್ಲಿ ತನ್ನ ಆಹಾರವನ್ನು ತಾನೇ ತಯಾರಿಸಿಕೊಂಡರೂ ನೀರು ಮತ್ತು ಲವಣಗಳಿಗಾಗಿ ಪಕ್ಕದ ಗಿಡಗಳ ಬೇರಿಗೆ ತನ್ನ ಬೇರನ್ನು ಅಂಟಿಸಿ ಹೀರುತ್ತದೆ. ಹೀಗಾಗಿ ಅದನ್ನು ಒಂಟಿಯಾಗಿ ಸಾಲುಸಾಲಾಗಿ ಬೆಳೆಸುವುದು ಕಷ್ಟ. ಕೆತ್ತನೆಗೂ ಎಣ್ಣೆಗೂ ಬೇಕಾದ ಚೇಗು ಕಟ್ಟಲು ಹತ್ತಾರು ವರ್ಷ, ಚೆನ್ನಾಗಿ ಬಲಿಯಲು 25–30 ವರ್ಷ ಬೇಕು. ಸಾಲದ್ದಕ್ಕೆ 1899ರ ಸುಮಾರಿಗೆ ಕೊಡಗಿನಲ್ಲಿ ಕಾಣಿಸಿಕೊಂಡ ಸ್ಪೈಕ್ ರೋಗ ಮೈಸೂರು ಸೀಮೆಗೂ ಹಬ್ಬಿ ಲೆಕ್ಕವಿಲ್ಲದಷ್ಟು ಮರಗಳನ್ನು ಒಣಗಿಸಿತು. ಎಲೆಗಳು ಮುಳ್ಳಿನಂತೆ ಚಿಕ್ಕದಾಗಿ ಮರ ಎರಡು ಮೂರು ವರ್ಷದಲ್ಲಿ ಸಾಯುವ ಈ ರೋಗಕ್ಕೆ ಕಾರಣ ವೈರಸ್ ಎಂದು ಬಹುಕಾಲ ತಿಳಿದಿದ್ದರು. ಕೋಶಭಿತ್ತಿಯಿಲ್ಲದ ಒಂದು ಬಗೆಯ ಸೂಕ್ಷ್ಮಜೀವಿ ಎಂದು ಗೊತ್ತಾದದ್ದು 1969ರಲ್ಲಿ.

ಇಂತಹ ಮರವನ್ನು ಟಿಪ್ಪು ಸುಲ್ತಾನ್ 1792ರಲ್ಲಿ ರಾಜವೃಕ್ಷವೆಂದು ಸಾರಿದ. ಟಿಪ್ಪು ಹೋದ, ಒಡೆಯರು ಬಂದರು, ಬ್ರಿಟಿಷ್ ಕಮಿಷನರುಗಳು ಬಂದರು. ಗಂಧ ಮಾತ್ರ ಸರ್ಕಾರದ್ದಾಗಿಯೇ ಉಳಿಯಿತು. ಮೊದಲ ಮಹಾಯುದ್ಧ ಶುರುವಾಗಿ ಜರ್ಮನಿಗೆ ಹೋಗುತ್ತಿದ್ದ ಗಂಧದ ವ್ಯಾಪಾರ ನಿಂತಾಗ ಮೈಸೂರು ಸರ್ಕಾರ ಕೈಕಟ್ಟಿ ಕೂರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ದಿವಾನರು ವಿಶ್ವೇಶ್ವರಯ್ಯನವರು. ಎಣ್ಣೆಯನ್ನು ತಾವೇ ಏಕೆ ತೆಗೆಯಬಾರದೆಂದು 1916ರಲ್ಲಿ ಬೆಂಗಳೂರಿನಲ್ಲೂ 1917ರಲ್ಲಿ ಮೈಸೂರಿನಲ್ಲೂ ಕಾರ್ಖಾನೆ ಆರಂಭವಾಯಿತು. ಗಂಧದ ಸಾಬೂನು ಅದರ ಬೆನ್ನಿಗೇ ಬಂತು. 1944ರಲ್ಲಿ ಶಿವಮೊಗ್ಗದಲ್ಲೂ ಎಣ್ಣೆ ಕಾರ್ಖಾನೆಯಾಯಿತು. ಉದ್ಯಮಶೀಲತೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ಗಂಧದ ನಾಡಿನ ಅತಿ ದೊಡ್ಡ ಉದ್ಯಮಿ ಸರ್ಕಾರವೇ ಆಗಿತ್ತು. ಅದು ನಾಡಿಗೆ ವರಮಾನ ತಂದಿತು, ಸಾವಿರಾರು ಜನರಿಗೆ ಕೆಲಸ ಕೊಟ್ಟಿತು.

ಆದರೆ ಬಲಿತ ಮರಕ್ಕೆ ಕೈಯೊಡ್ಡಿದ್ದ ಸೊರಬದ ಗುಡಿಗಾರ ಆ ಸಾಲಿನಲ್ಲಿ ಹಿಂದೆ ನಿಂತಿದ್ದ. ಅವನಿಗೆ ಬೇಕಾದದ್ದು ತುಂಡೆರಡು ತುಂಡು, ಆದರೆ ಬಿರುಕಿಲ್ಲದ, ಗಂಟಿಲ್ಲದ ತುಂಡು. ರೈತನ ಪಾಡೂ ಹಾಗೆಯೇ. ತನ್ನ ಬೇಲಿಯಲ್ಲಿ ಹಕ್ಕಿ ಬಿತ್ತಿದ ಗಂಧದ ಸಸಿ ತನ್ನದಲ್ಲ, ಆದರೆ ಅದು ಕಳುವಾದರೆ ಉತ್ತರ ಹೇಳಬೇಕಾದವನು ತಾನು! ಇದರಿಂದ ಬೇಸತ್ತ ರೈತರು ಸಸಿ ಕಂಡಕೂಡಲೇ ಕಿತ್ತೆಸೆಯುತ್ತಿದ್ದರೆಂಬುದು ಮಲೆನಾಡಿನಲ್ಲಿ ಎಲ್ಲರೂ ಬಲ್ಲ ಸಂಗತಿ. ಮರವನ್ನು ಉಳಿಸಲೆಂದು ಮಾಡಿದ ಕಾನೂನು ಮರವನ್ನು ನೆಡದಂತೆ ಮಾಡಿತು, ಬೆಲೆ ಏರಿತು, ಕಳ್ಳಸಾಗಣೆ ಬೆಳೆಯಿತು. ಗಂಧಗಳ್ಳರನ್ನು ಹಿಡಿಯುವ ಭರದಲ್ಲಿ ಕಾನೂನು ಬಿಗಿಯಾದಷ್ಟೂ ಪ್ರಾಮಾಣಿಕ ಕುಶಲಕರ್ಮಿ ತನ್ನ ಮನೆಯಲ್ಲಿರುವ ತುಂಡಿಗೂ ಲೆಕ್ಕ ಒಪ್ಪಿಸುವಂತಾಯಿತು. ಕೊನೆಗೆ 2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ, ತನ್ನ ಜಮೀನಿನಲ್ಲಿ ಬೆಳೆದ ಗಂಧದ ಮರಕ್ಕೆ ಜಮೀನಿನವನೇ ಒಡೆಯನಾದ. ಟಿಪ್ಪುವಿನ ಆಜ್ಞೆಯಿಂದ ಲೆಕ್ಕ ಹಾಕಿದರೆ 209 ವರ್ಷ.

ಸ್ವಾತಂತ್ರ್ಯ ಬಂದ ಮೇಲೆ ಗುಡಿಗಾರರನ್ನು ಸರ್ಕಾರ ಮರೆತಿತೆಂದು ಹೇಳಿದರೆ ತಪ್ಪಾಗುತ್ತದೆ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಯಾಯಿತು; ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಅದನ್ನು ಬೆಳೆಸಿದರು. 1964ರಲ್ಲಿ ನಮ್ಮ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ ಬಂತು. ನಿಗಮದ ಮೂಲಕ ಮರ ಹಂಚಿಕೆ, 'ಕಾವೇರಿ' ಮಳಿಗೆಗಳಲ್ಲಿ ಮಾರಾಟ, ಸಾಗರದಲ್ಲಿ ತರಬೇತಿ – ಈ ಏರ್ಪಾಡು ಇಲ್ಲದಿದ್ದರೆ ಗಂಧದ ಕೆತ್ತನೆಯನ್ನು ನಾವು ವಸ್ತುಸಂಗ್ರಹಾಲಯದಲ್ಲಿ ಮಾತ್ರ ನೋಡಬೇಕಾಗುತ್ತಿತ್ತೇನೋ. ಆದರೂ ಒಂದು ಮಾತು ಹೇಳಬೇಕು, ಇದು ನನ್ನ ಸ್ವಂತ ಅಭಿಪ್ರಾಯ. ಮರ ಕೊಡುವವರೂ ಕೆತ್ತಿದ್ದನ್ನು ಕೊಳ್ಳುವವರೂ ಒಬ್ಬರೇ ಆದಾಗ ನಡುವೆ ಇರುವವನು ಎಷ್ಟೇ ಗೌರವ, ಪ್ರಶಸ್ತಿ ಪಡೆದರೂ ಉದ್ಯಮಿಯಾಗುವುದಿಲ್ಲ. ಅವನಿಗೆ ಸಿಗುವುದು ಕೂಲಿಯೇ, ಒಳ್ಳೆಯ ಕೂಲಿ ಇರಬಹುದು.

ಇದೇ ಮಾತು ಇಲ್ಲಿಂದ ಬಹುದೂರದಲ್ಲಿ, ಬಾಂಗ್ಲಾದೇಶದ ಚಿತ್ತಗಾಂಗ್ ಬಳಿಯ ಜೋಬ್ರಾ ಎಂಬ ಹಳ್ಳಿಯಲ್ಲಿ ಒಬ್ಬ ಅರ್ಥಶಾಸ್ತ್ರದ ಅಧ್ಯಾಪಕರಿಗೆ ಹೊಳೆಯಿತು. 1976ರಲ್ಲಿ ಮುಹಮ್ಮದ್ ಯೂನುಸ್ ಅಲ್ಲಿ ಬಿದಿರಿನ ಮಣೆ ಹೆಣೆಯುತ್ತಿದ್ದ ಒಬ್ಬ ಹೆಂಗಸನ್ನು ಮಾತನಾಡಿಸಿದರು. ಬಿದಿರಿಗೆ ಬೇಕಾದದ್ದು ಐದು ಟಾಕಾ. ಆಕೆಯಲ್ಲಿ ಅಷ್ಟು ಹಣವಿಲ್ಲ. ವ್ಯಾಪಾರಿ ಬಿದಿರನ್ನು ಸಾಲವಾಗಿ ಕೊಡುತ್ತಾನೆ, ಹೆಣೆದ ಮಣೆಯನ್ನು ತನಗೇ ಮಾರಬೇಕೆಂದು ಕರಾರು ಹಾಕುತ್ತಾನೆ. ದಿನವೆಲ್ಲ ಹೆಣೆದರೆ ಆಕೆಗೆ ಉಳಿಯುವುದು ಅರ್ಧ ಟಾಕಾ. ಹಳ್ಳಿಯಲ್ಲಿ ಇಂತಹ 42 ಜನರ ಒಟ್ಟು ಸಾಲ 856 ಟಾಕಾ, ಅಂದರೆ ಸುಮಾರು 27 ಡಾಲರ್ ಮಾತ್ರ. ಯೂನುಸ್ ಅದನ್ನು ತಮ್ಮ ಜೇಬಿನಿಂದ ಕೊಟ್ಟರು. ಅದೇ ಮುಂದೆ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು. 2006ರಲ್ಲಿ ಯೂನುಸ್ ಮತ್ತು ಬ್ಯಾಂಕಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಜೋಬ್ರಾದ ಬಿದಿರು ಸೊರಬದ ಗಂಧಕ್ಕೆ ಅಣ್ಣನೋ ತಮ್ಮನೋ ಆಗಬೇಕು.

ನಮ್ಮಲ್ಲಿಯೂ ಸಾಲ ಕೊಟ್ಟು ಬಡವರನ್ನು ಉದ್ಯಮಿಗಳನ್ನಾಗಿಸುವ ಪ್ರಯತ್ನಗಳು ಆಗ ಶುರುವಾಗಿದ್ದವು. 1978ರ ಸಮಗ್ರ ಗ್ರಾಮೀಣ ಅಭಿವೃದ್ಧಿ ಕಾರ್ಯಕ್ರಮ 1980ರಲ್ಲಿ ದೇಶದ ಎಲ್ಲ ಬ್ಲಾಕುಗಳಿಗೂ ಬಂದಿತು. ಎಮ್ಮೆ, ಕುರಿ, ಹೊಲಿಗೆಯಂತ್ರಗಳಿಗೆ ಸಾಲ–ಸಹಾಯಧನ ಸಿಕ್ಕಿತು. ಎಮ್ಮೆ ಸತ್ತು ಸಾಲ ಮಾತ್ರ ಬದುಕಿದ ಮನೆಗಳೂ ಇದ್ದವು. ಸೊರಬದಿಂದಲೇ ಆರಿಸಿಬರುತ್ತಿದ್ದ ಎಸ್. ಬಂಗಾರಪ್ಪನವರು 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದಾಗ ಆಶ್ರಯ, ಆರಾಧನೆಗಳ ಜೊತೆಗೆ ಗ್ರಾಮೀಣ ಕುಶಲಕರ್ಮಿಗಳಿಗಾಗಿ 'ವಿಶ್ವ' ಯೋಜನೆಯನ್ನು ತಂದರು. 1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸಲು ಆರಂಭಿಸಿತು. 2000ದಲ್ಲಿ ರಾಜ್ಯದಲ್ಲಿ ಸ್ತ್ರೀಶಕ್ತಿ ಸಂಘಗಳು ಬಂದವು. 2023ರ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳವರಿಗೆ ಉಪಕರಣಕ್ಕೆ 15,000 ರೂಪಾಯಿ, ಶೇ. 5ರ ಬಡ್ಡಿಯಲ್ಲಿ ಎರಡು ಕಂತಿನಲ್ಲಿ 3 ಲಕ್ಷದವರೆಗೆ ಸಾಲದ ಅವಕಾಶವಿದೆ.

ಸಾಲದಿಂದ ಬಡತನ ನಿಜವಾಗಿ ಹೋಗುತ್ತದೆಯೇ? ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲಿ ಆಸಕ್ತಿ ಹುಟ್ಟಬೇಕು, ಏಕೆಂದರೆ ಔಷಧಿಯನ್ನು ಪರೀಕ್ಷಿಸುವಂತೆಯೇ ಇದನ್ನು ಪರೀಕ್ಷಿಸಲಾಗಿದೆ. ಕೆಲವು ಪ್ರದೇಶಗಳನ್ನು ಚೀಟಿ ಎತ್ತಿದಂತೆ ಆರಿಸಿ ಅಲ್ಲಿ ಕಿರುಸಾಲ ಕೊಡುವುದು, ಉಳಿದವುಗಳಲ್ಲಿ ಕೊಡದಿರುವುದು, ಅನಂತರ ಎರಡನ್ನೂ ಹೋಲಿಸುವುದು. ಹೈದರಾಬಾದಿನದೂ ಸೇರಿ ಆರು ದೇಶಗಳ ಇಂತಹ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಮೊದಲೇ ಅಂಗಡಿ ಇದ್ದವರು ಅದನ್ನು ಸ್ವಲ್ಪ ಬೆಳೆಸಿಕೊಂಡರು. ಆದರೆ ಸಾಮಾನ್ಯ ಕುಟುಂಬದ ಬಡತನ ಎದ್ದು ಕಾಣುವಷ್ಟು ಇಳಿಯಲಿಲ್ಲ. ಅದೇ ವರ್ಷ, ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಆರಂಭಿಸಿದ ಮತ್ತೊಂದು ವಿಧಾನವನ್ನು ಆರು ದೇಶಗಳಲ್ಲಿ ಪರೀಕ್ಷಿಸಿದ ವರದಿಯೂ ಬಂತು. ಅಲ್ಲಿ ಕೊಟ್ಟದ್ದು ಸಾಲವಲ್ಲ: ಒಂದು ಹಸುವೋ ಆಡೋ, ಅದನ್ನು ಸಾಕುವ ತರಬೇತಿ, ಮತ್ತು ಅದು ಫಲ ಕೊಡುವವರೆಗೆ ಹೊಟ್ಟೆಗೆ ಕೆಲವು ತಿಂಗಳ ನೆರವು. ಕಾರ್ಯಕ್ರಮ ಮುಗಿದು ಒಂದು ವರ್ಷವಾದ ಮೇಲೂ ಆ ಕುಟುಂಬಗಳ ಸ್ಥಿತಿ ಉತ್ತಮವಾಗಿಯೇ ಇತ್ತು. ಗುಡಿಗಾರನ ಮನೆಯ ಒಲೆಯನ್ನು ನೆನೆದುಕೊಂಡರೆ ಈ ಫಲಿತಾಂಶ ಆಶ್ಚರ್ಯವೆನಿಸುವುದಿಲ್ಲ.

ಸಾಲವೇ ಉರುಳಾದದ್ದೂ ಉಂಟು. 2010ರಲ್ಲಿ ಆಂಧ್ರಪ್ರದೇಶದಲ್ಲಿ ಕಿರುಸಾಲ ಸಂಸ್ಥೆಗಳ ವಸೂಲಾತಿ ದೊಡ್ಡ ಬಿಕ್ಕಟ್ಟಾಯಿತು. ನಮ್ಮ ರಾಜ್ಯವೂ 2025ರಲ್ಲಿ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ 2011ರ ತಮ್ಮ ಪುಸ್ತಕದಲ್ಲಿ, ಬಡವರಲ್ಲಿ ಅನೇಕರು ಬೇರೆ ಕೆಲಸ ಸಿಗದ್ದರಿಂದ, ಮನಸ್ಸಿಲ್ಲದೆ ಉದ್ಯಮಿಗಳಾದವರು ಎಂದಿದ್ದಾರೆ. ರಸ್ತೆಬದಿಯಲ್ಲಿ ಒಂದೇ ಬಗೆಯ ಹಣ್ಣನ್ನು ಇಟ್ಟುಕೊಂಡು ಸಾಲಾಗಿ ಕುಳಿತ ಹತ್ತು ಬುಟ್ಟಿಗಳನ್ನು ಕಂಡಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಹಾಗಾದರೆ ಕಚ್ಚಾ ಸಾಮಗ್ರಿಯೂ ಕೈಗೆಟುಕಿ, ಮಾರುಕಟ್ಟೆಯೂ ಸಿಕ್ಕ ಉದಾಹರಣೆ ಹತ್ತಿರದಲ್ಲೆಲ್ಲೂ ಇಲ್ಲವೇ? ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿದೆ. ರಂಗಕರ್ಮಿ ಪ್ರಸನ್ನ ಅವರು 1990ರ ದಶಕದಲ್ಲಿ ಅಲ್ಲಿನ ಹೆಂಗಸರೊಡನೆ ಕಟ್ಟಿದ 'ಚರಕ' ಸಹಕಾರ ಸಂಘ ಕೈಮಗ್ಗದ ಬಟ್ಟೆ ನೇಯ್ದು, ಹೊಲಿದು 'ದೇಸಿ' ಅಂಗಡಿಗಳ ಮೂಲಕ ಮಾರಿತು. ಬಣ್ಣಕ್ಕೆ ಅವರು ಬಳಸಿದ್ದರಲ್ಲಿ ಒಂದು ಅಡಿಕೆಯ ಚೊಗರು. ಅಡಿಕೆ ಬೇಯಿಸಿ ಉಳಿದ ಆ ಕೆಂಪು ರಸ ಮಲೆನಾಡಿನ ಮನೆಗಳಲ್ಲಿ ಹೇರಳ. ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಮಾರುಕಟ್ಟೆಯ ಪೆಟ್ಟು ಚರಕವನ್ನೂ ಬಿಡಲಿಲ್ಲ. 2020ರಲ್ಲಿ ತಾನು ದಿವಾಳಿಯಾಗಿರುವುದಾಗಿ ಸಂಘ ಬಹಿರಂಗವಾಗಿ ಹೇಳಿಕೊಂಡಿತು. ನೂರಾರು ಮನೆಗಳಿಗೆ ವರ್ಷಗಟ್ಟಲೆ ಸಂಬಳ ಕೊಟ್ಟ ಸಂಘವೊಂದು ತನ್ನ ಲೆಕ್ಕವನ್ನು ಹೀಗೆ ಬಯಲಿಗಿಟ್ಟದ್ದು ನನಗಂತೂ ಕಲಿಯಬೇಕಾದ ವಿಷಯವಾಗಿ ಕಂಡಿತು.

ಸೊರಬದ ಆ ಹಿರಿಯರ ಮನೆಯಲ್ಲಿ ಈಗ ಹೆಚ್ಚಾಗಿ ನಡೆಯುವುದು ಶಿವನೆ ಮರದ ಕೆಲಸ. ಶಿವನೆ ಬಿಳಿ ಮರ, ಉಳಿಗೆ ಮೆತ್ತಗೆ ಒಗ್ಗುತ್ತದೆ, ಬೆಲೆಯೂ ಕಡಮೆ. ಪರಿಮಳ ಮಾತ್ರ ಇಲ್ಲ. ಮನೆಯ ಹೆಂಗಸರು ಮರದ ತೆಳುವಾದ ಸುರುಳಿಗಳನ್ನು ಪೋಣಿಸಿ ಹಾರ ಕಟ್ಟುತ್ತಾರೆ. ಸಭೆ ಸಮಾರಂಭಗಳಲ್ಲಿ ಅತಿಥಿಗಳ ಕೊರಳಿಗೆ ಬೀಳುವ 'ಗಂಧದ ಹಾರ'ಗಳಲ್ಲಿ ಹೆಚ್ಚಿನವು ಇಂತಹ ಬೇರೆ ಮರದವೇ. ಬೆಂಡಿನ ಬಾಸಿಂಗಕ್ಕೆ ಥರ್ಮೋಕೋಲ್ ಪೈಪೋಟಿ ಕೊಡುತ್ತಿದೆ. ಬೆಂಡು ಬೆಳೆಯುವ ಕೆರೆಯಂಚುಗಳೂ ಒತ್ತುವರಿಯಾಗುತ್ತಿವೆ. ಅಂದರೆ ಪುಕ್ಕಟೆ ಸಿಗುತ್ತಿದ್ದ ಸಾಮಗ್ರಿಗೂ ಈಗ ಒಡೆಯರು ಹುಟ್ಟಿಕೊಳ್ಳುತ್ತಿದ್ದಾರೆ.

ಚಿತ್ರೀಕರಣದ ಕೊನೆಯ ದಿನ ಅವರು ನಮ್ಮನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. 2001ರ ಕಾನೂನು ಬಂದ ಮೇಲೆ ನೆಟ್ಟ ನಾಲ್ಕು ಗಂಧದ ಗಿಡಗಳಲ್ಲಿ ಮೂರು ಉಳಿದಿದ್ದವು, ಪಕ್ಕದಲ್ಲಿ ಆಸರೆಗೆಂದು ತೊಗರಿ ಹಾಕಿದ್ದ ಗುರುತಿತ್ತು. ಬುಡವನ್ನು ಎರಡು ಕೈಯಲ್ಲೂ ಹಿಡಿದು ಅಳತೆ ತೋರಿಸಿ, "ಚೇಗು ಕಟ್ಟಿರಬಹುದು, ಕಡಿದ ಹೊರತು ಗೊತ್ತಾಗಲ್ಲ" ಎಂದರು. ಕಡಿಯಬೇಕಾದರೆ ಅರ್ಜಿ ಎಲ್ಲಿ ಕೊಡಬೇಕು, ಕಡಿದ ಮೇಲೆ ತನ್ನದೇ ಮರವನ್ನು ತಾನೇ ಕೆತ್ತಲು ಯಾವ ಕಾಗದ ಬೇಕು ಎಂದು ವಿಚಾರಿಸಿಕೊಂಡು ಬರಲು ಮೊಮ್ಮಗನನ್ನು ಕಳಿಸಿದ್ದರು. ಅವನು ಇನ್ನೂ ಹಿಂತಿರುಗಿರಲಿಲ್ಲ. ನಮ್ಮ ಬಸ್ಸಿಗೆ ಹೊತ್ತಾಗಿತ್ತು.